ಡಬ್ಬದ ವಿಷಯ ಮಾತ್ರ

ಹಲಗೂರು
೨೦-೧೦-೨೦೨೪

ಮಗಳು ಶೋಭಿತಾಳಿಗೆ,

ಇಲ್ಲಿ ನಾನು, ನಿಮ್ಮವ್ವ, ಎರಡು ಮೇಕೆ ಎಲ್ಲರೂ ಚೆನ್ನಾಗಿದ್ದೇವೆ. ಚೆನ್ನಾಗಿಲ್ಲದಿರುವುದು ನಡುಮನೆಯ ಮೂಲೆಯಲ್ಲಿ ಕೂತಿರುವ ಡಬ್ಬ ಒಂದೇ. ಅದಕ್ಕಾಗಿಯೇ ಈ ಕಾಗದ.

ನೀನು ನನ್ನ ಫೋನು ಎತ್ತುತ್ತಿಲ್ಲ. ಬೆಸಗರಹಳ್ಳಿಯ ಗೃಹಪ್ರವೇಶದಲ್ಲಿ ಊಟಕ್ಕೂ ಕೂರದೆ ಮಂಡ್ಯದ ಬಸ್ಸು ಹತ್ತಿದವಳು, ದಸರಾ ಕಳೆದರೂ ನಿಮ್ಮವ್ವನ ಹತ್ತಿರ ಮಾತ್ರ ಮಾತಾಡುತ್ತೀಯೆ. ನಾನು ಪಕ್ಕದಲ್ಲಿ ಕೂತು ಅವಳು ‘ಊಂ, ಊಂ’ ಅನ್ನುವುದನ್ನು ಕೇಳುತ್ತೇನೆ. ಅದರಲ್ಲಿ ನನಗೆ ಸುದ್ದಿಯೇನೂ ಸಿಗುವುದಿಲ್ಲ. ಸರಿ, ನೀನು ಮಾತಾಡಬೇಡ, ನಾನೂ ಆಡುವುದಿಲ್ಲ. ನಿನ್ನ ಹಟ ಎಲ್ಲಿಂದ ಬಂತು ಅಂತ ಊರಿಗೆಲ್ಲ ಗೊತ್ತು. ಆದರೆ ಡಬ್ಬದ ವಿಷಯ ಕೇಳುವುದಕ್ಕೆ ನನಗೆ ಬೇರೆ ಯಾರೂ ಇಲ್ಲ. ಹಾಗಾಗಿ ಕಾಗದದಲ್ಲಿ ಡಬ್ಬದ ವಿಷಯ ಮಾತ್ರ ಮಾತಾಡೋಣ. ಕಂಡಕ್ಟರ್ ಅಂಕಯ್ಯ ದಿನಾ ಮದ್ದೂರಿನ ಮೇಲೆ ಮಂಡ್ಯಕ್ಕೆ ಬರುತ್ತಾನೆ. ಅವನ ಕೈಲಿ ಕೊಟ್ಟರೆ ಅವತ್ತೇ ನಿನ್ನ ಹಾಸ್ಟೆಲ್ಲಿನ ವಾಚ್‌ಮನ್ ಕೈಗೆ ಸೇರುತ್ತದೆ.

ಮನೆ ನಕ್ಷೆ ಬರೆಯುವ ಕೆಲಸ ಹಲಗೂರಲ್ಲೇ ಕೂತು ಮಾಡಬಹುದು, ಆದರೆ ಆ ಡಬ್ಬದಲ್ಲಿ ಒಂದು ಗೆರೆ ಎಳೆಯುವುದಕ್ಕೂ ಆಗುವುದಿಲ್ಲ ಅಂತ ನಿಮ್ಮವ್ವನಿಗೆ ಹೇಳಿದೆಯಂತೆ. ಮಳವಳ್ಳಿಯ ಸೈಬರ್ ಸೆಂಟರ್ ಮುಚ್ಚಿದಾಗ ನೀನು ಡಿಪ್ಲೊಮಾ ಓದಲಿ ಅಂತ ನಾನು ಹೊತ್ತು ತಂದ ಕಂಪ್ಯೂಟರ್ ಅದು. ಗುಜರಿಗೆ ಹಾಕಲು ಮನಸ್ಸಿಲ್ಲ. ಹೊಸದು ತರಲು ಕೈಯಲ್ಲಿ ಆಗುವುದಿಲ್ಲ, ಅದು ನಿನಗೂ ಗೊತ್ತು. ಆದರೆ ತಿಂಗಳಿಗೊಂದು ಸಾಮಾನು ಬದಲಾಯಿಸುತ್ತ ಹೋದರೆ ಹಳೇ ಗಾಡಿಯೂ ಘಾಟಿ ಹತ್ತುತ್ತದೆ. ಬಸ್ಸಿನ ಶೆಡ್ಡಿನಲ್ಲಿ ನಾನು ಇಷ್ಟು ವರ್ಷ ಮಾಡಿದ್ದು ಇನ್ನೇನು? ನೀನು ನಿನ್ನ ಮನೆಯಲ್ಲೇ ಕೂತು ಕೆಲಸ ಮಾಡಬೇಕು, ಅದು ನನ್ನ ಆಸೆ. ಆಸೆಯನ್ನು ಬರೆದುಬಿಟ್ಟೆ, ಇನ್ನು ಬರೆಯುವುದಿಲ್ಲ.

ಈಗ ಡಬ್ಬದ ರೋಗ ಕೇಳು. ಸ್ವಿಚ್ಚು ಒತ್ತಿ ನಾನು ಸ್ನಾನ ಮಾಡಿ ಬಂದರೂ ಅದು ಇನ್ನೂ ಏಳುತ್ತಲೇ ಇರುತ್ತದೆ. ನಿಮ್ಮವ್ವ ಅಡುಗೆಮನೆಯಿಂದ, “ಅದ್ಯಾಕಂಗೆ ನರಳ್ತದೆ? ಒಸಿ ನೀರಾದ್ರೂ ಕುಡ್ಸಿ” ಅನ್ನುತ್ತಾಳೆ. ಇನ್ನೊಂದು, ಎದ್ದಾಗಲೆಲ್ಲ ಅದರ ತಾರೀಕು ೨೦೧೦ನೇ ಇಸವಿಗೆ ಹೋಗಿರುತ್ತದೆ. ನಾನು ಸರಿಮಾಡಿ ಆರಿಸಿದರೆ ಬೆಳಿಗ್ಗೆ ಮತ್ತೆ ೨೦೧೦. ಆಗ ನೀನು ನಾಲ್ಕನೇ ಕ್ಲಾಸು. ಮೊದಲು ಯಾವುದನ್ನು ಬದಲಾಯಿಸಲಿ, ಬರೆ.

ನಿಮ್ಮಪ್ಪ,
ಕೆಂಪರಾಜು


ಮಂಡ್ಯ
೨೭-೧೦-೨೦೨೪

ಅಪ್ಪ,

ಡಬ್ಬದ ವಿಷಯ ಮಾತ್ರ ಅಂದಿದ್ದೀಯ. ಒಪ್ಪಿದೆ.

ತಾರೀಕು ಹಿಂದೆ ಹೋಗುವುದು ದೊಡ್ಡ ರೋಗ ಅಲ್ಲ. ಒಳಗೆ ಒಂದು ರೂಪಾಯಿ ನಾಣ್ಯದಷ್ಟು ಅಗಲದ ಬ್ಯಾಟರಿ ಇರುತ್ತದೆ. ಅದು ಸತ್ತಿದೆ. ವಾಚ್ ಅಂಗಡಿಯಲ್ಲಿ ತೋರಿಸಿದರೆ ಅಂಥದ್ದೇ ಕೊಡುತ್ತಾರೆ.

ನಿಧಾನ ಏಳುವುದಕ್ಕೆ ಎರಡು ಕಾರಣ. ರ‍್ಯಾಮ್ ಕಡಿಮೆ ಇದೆ, ಹಾರ್ಡ್ ಡಿಸ್ಕ್ ಹಳೆಯದು. ರ‍್ಯಾಮ್ ಅಂದರೆ ಹಸಿರು ಬಣ್ಣದ, ಸ್ಕೇಲಿನ ತುಂಡಿನಂಥ ಪಟ್ಟಿ. ಎರಡು ಕೊನೆಯಲ್ಲೂ ಕೊಂಡಿ ಇರುತ್ತದೆ, ಒತ್ತಿದರೆ ಎದ್ದು ಬರುತ್ತದೆ. ಅದನ್ನೇ ಕೈಲಿ ಹಿಡಿದುಕೊಂಡು ಮದ್ದೂರಿಗೆ ಹೋಗಿ ಇದೇ ಜಾತಿಯದು, ಇದಕ್ಕಿಂತ ದೊಡ್ಡದು ಅಂತ ಕೇಳು. ಸೆಕೆಂಡ್ ಹ್ಯಾಂಡ್ ಸಾಕು. ಮುಟ್ಟುವ ಮೊದಲು ವೈರು ಕಿತ್ತಿರಬೇಕು.

ಹಾರ್ಡ್ ಡಿಸ್ಕಿನದು ಆಮೇಲೆ. ಒಂದೊಂದಾಗಿ ಮಾಡಿದರೆ ಯಾವುದರಿಂದ ಸರಿಹೋಯಿತು, ಯಾವುದರಿಂದ ಕೆಟ್ಟಿತು ಅಂತ ತಿಳಿಯುತ್ತದೆ.

ಕಾಗದ ವಾಚ್‌ಮನ್‌ಗೆ ಕೊಡುವಾಗ ಅಂಕಯ್ಯಣ್ಣ ‘ಲಗ್ನಪತ್ರಿಕೆನಾ?’ ಅಂತ ಅವನ ಮುಂದೆ ಜೋಕು ಮಾಡಿದ್ದಾರೆ. ಅವರಿಗೆ ಹೇಳು.

ಶೋಭಿತಾ


ಹಲಗೂರು
೧೭-೧೧-೨೦೨೪

ಮಗಳು ಶೋಭಿತಾಳಿಗೆ,

ಅಂಕಯ್ಯನಿಗೆ ಹೇಳಿದೆ. “ನಂಗೇನ್ ಗೊತ್ತಣ್ಣ, ಈ ಕಾಲ್ದಾಗ್ ಕಾಗ್ದ ಬರೆಯೋರು ಯಾರವ್ರೆ?” ಅಂದ. ಅವನು ಹೇಳುವುದೂ ಸರಿಯೇ.

ಬ್ಯಾಟರಿ ಹಾಕಿದೆ. ಡಬ್ಬ ಒಂದೇ ಏಟಿಗೆ ಹದಿನಾಲ್ಕು ವರ್ಷ ದಾಟಿ ಈ ವರ್ಷಕ್ಕೆ ಬಂತು. ನಿಮ್ಮವ್ವನನ್ನು ಕರೆದು ತೋರಿಸಿದೆ. ಅವಳು ನೋಡಿ, “ಕ್ಯಾಲೆಂಡ್ರು ಗೋಡೆ ಮ್ಯಾಲೇ ಅದಲ್ಲ” ಅಂತ ಒಳಗೆ ಹೋದಳು. ಈ ಮನೆಯಲ್ಲಿ ನನಗೆ ಸಿಗುವ ಮರ್ಯಾದೆ ಇಷ್ಟು.

ರ‍್ಯಾಮ್ ಕತೆ ಬೇರೆ. ಭಾನುವಾರ ಮದ್ದೂರಿಗೆ ಹೋದೆ. ರೈಲ್ವೆ ಸ್ಟೇಷನ್ ರಸ್ತೆಯಲ್ಲಿ ಜಯಪ್ರಕಾಶ್ ಅಂತ ಒಬ್ಬ ಹಳೇ ಕಂಪ್ಯೂಟರ್ ಅಂಗಡಿ ಇಟ್ಟಿದ್ದಾನೆ. ನಿನ್ನ ಮಾತಿನಂತೆ ನಮ್ಮದನ್ನು ಕೈಲಿ ಹಿಡಿದೇ ಹೊರಟೆ. ಆದರೆ ಬಸ್ಸು ನಡುದಾರಿಯಲ್ಲಿ ಕೆಟ್ಟು ನಿಂತಿತು. ನಾನು ಬಸ್ಸಿನಲ್ಲಿದ್ದೂ ಬಸ್ಸು ಕೆಟ್ಟು ನಿಂತರೆ ಸುಮ್ಮನೆ ಕೂರಲಾಗುತ್ತದೆಯೇ? ಇಳಿದು ಡೀಸಲ್ ಪೈಪು ಬಿಗಿ ಮಾಡಿದೆ. ಆ ಗಲಾಟೆಯಲ್ಲಿ ರ‍್ಯಾಮ್ ಸುತ್ತಿದ್ದ ಟವೆಲ್ಲನ್ನು ಸೀಟಿನ ಮೇಲೇ ಬಿಟ್ಟು ಮದ್ದೂರಲ್ಲಿ ಇಳಿದುಬಿಟ್ಟೆ. ಸಂಜೆ ಟವೆಲ್ಲು ಸಿಕ್ಕಿತು ಅನ್ನು. ಅಂಗಡಿಯಲ್ಲಿ ಮಾತ್ರ ಬಾಯಲ್ಲೇ ಹೇಳಿ, ಕೈಯಲ್ಲೇ ಅಳತೆ ತೋರಿಸಿ ಒಂದು ತಂದೆ.

ಮನೆಗೆ ಬಂದು ಹಾಕಿದರೆ ಕೂರುತ್ತಿಲ್ಲ. ಉದ್ದ ಸರಿಯಿದೆ, ದಪ್ಪ ಸರಿಯಿದೆ. ಕೆಳಗಡೆ ಒಂದು ಕಚ್ಚು ಇದೆಯಲ್ಲ, ಅದು ಮಾತ್ರ ಒಂದು ಕೂದಲೆಳೆ ಆಚೆ ಇದೆ. ಶೆಡ್ಡಿನಿಂದ ಸಣ್ಣ ಅರ ತಂದಿದ್ದೇನೆ. ಕಚ್ಚನ್ನು ಒಂದಿಷ್ಟು ಉಜ್ಜಿ ಅಗಲ ಮಾಡಿದರೆ ಕೂರುತ್ತದೆ ಅನ್ನಿಸುತ್ತದೆ. ನಿನ್ನನ್ನು ಒಂದು ಮಾತು ಕೇಳಿ ಮಾಡೋಣ ಅಂತ ನಿಲ್ಲಿಸಿದ್ದೇನೆ.

ನಿಮ್ಮಪ್ಪ,
ಕೆಂಪರಾಜು


ಮಂಡ್ಯ
೧೮-೧೧-೨೦೨೪

ಅಪ್ಪ,

ಅರ ಶೆಡ್ಡಿಗೆ ವಾಪಸ್ ಕೊಡು. ಈಗಲೇ ಕೊಡು. ಈ ಕಾಗದ ಓದಿ ಮುಗಿಸುವುದು ಆಮೇಲೆ.

ಆ ಕಚ್ಚು ಇರುವುದೇ ತಪ್ಪು ಜಾತಿಯದು ಕೂರಬಾರದು ಅಂತ. ನೀನು ತಂದಿರುವುದು ನಮ್ಮ ಡಬ್ಬಕ್ಕೂ ಹಿಂದಿನ ಕಾಲದ್ದು. ಉಜ್ಜಿ ಕೂರಿಸಿದ್ದರೆ ಎರಡೂ ಸುಟ್ಟುಹೋಗುತ್ತಿದ್ದವು. ಅಂಗಡಿಯವನಿಗೆ ಕೊಟ್ಟು ಬದಲಾಯಿಸು, ಈ ಸಲ ಹಳೆಯದನ್ನು ಜೇಬಲ್ಲಿ ಇಟ್ಟುಕೊಂಡು ಹೋಗು. ದಾರಿಯಲ್ಲಿ ಯಾವ ಬಸ್ಸು ಕೆಟ್ಟರೂ ಇಳಿಯಬೇಡ.

ಅರದ ಸಾಲು ಓದಿ ನಾನು ಎಷ್ಟು ನಕ್ಕೆನೆಂದರೆ ರೂಮಿನಲ್ಲಿರುವ ಶ್ವೇತ ಗಾಬರಿಯಾದಳು. ಅವಳಿಗೆ ಓದಿ ಹೇಳಿದೆ, ಅವಳೂ ನಕ್ಕಳು. ಆಮೇಲೆ ‘ನಿಮ್ಮಪ್ಪ ಎಷ್ಟು ಒಳ್ಳೇವ್ರು ಕಣೇ’ ಅಂದಳು. ನನಗೆ ತಟ್ಟನೆ ಸಿಟ್ಟು ಬಂತು. ಒಳ್ಳೆಯವನೇ. ಆದರೆ ಬೆಸಗರಹಳ್ಳಿಯಲ್ಲಿ, ನಾನು ನಕ್ಷೆ ಬರೆದುಕೊಟ್ಟ ಮನೆಯ ಮುಂದೆ, ನಂಟರೆಲ್ಲ ನಿಂತಿರುವಾಗ, ಗೋಡೆಗೆ ಹಾಕಿದ್ದ, ನಮ್ಮ ಆಫೀಸಿನ ಇಂಜಿನಿಯರ್ ಸಾಹೇಬರ ಬೋರ್ಡು ತೋರಿಸಿ, “ಮನೆ ನಮ್ ಮಗೀದು ಕಣ್ರಪ್ಪ, ಎಸ್ರು ಮಾತ್ರ ಅವರ್ದು. ಕೂಲಿಗೋದಂಗೆ” ಅಂದೆ. ಎಲ್ಲರೂ ನಕ್ಕರು. ಎಲ್ಲರಿಗಿಂತ ಜೋರಾಗಿ ನಕ್ಕವನು ನೀನು.

ಇದು ಡಬ್ಬದ ವಿಷಯ ಅಲ್ಲ. ಬರೆದಾಗಿದೆ, ಹೊಡೆದುಹಾಕುವುದಿಲ್ಲ.

ಶೋಭಿತಾ


ಹಲಗೂರು
೧೫-೧೨-೨೦೨೪

ಮಗಳು ಶೋಭಿತಾಳಿಗೆ,

ಕಾಗದ ತಲುಪಿತು. ಪೂರ್ತಿ ಓದಿದೆ. ಮತ್ತೆ ಮತ್ತೆ ಓದಿದೆ. ಅದಕ್ಕೆ ಉತ್ತರ ಬರೆಯಲು ಕೂತಾಗಲೆಲ್ಲ ಕೈ ಓಡಲಿಲ್ಲ, ಅದಕ್ಕೇ ಇಷ್ಟು ತಡ. ಈಗಲೂ ಓಡುತ್ತಿಲ್ಲ. ಡಬ್ಬದ ವಿಷಯ ಬರೆಯುತ್ತೇನೆ.

ರ‍್ಯಾಮ್ ಬದಲಾಯಿಸಿ ತಂದೆ. ಜಯಪ್ರಕಾಶ್ ಗೊಣಗಿದ, ಆದರೆ ಕೊಟ್ಟ. ಎರಡು ಕೊಂಡಿಯೂ ‘ಟಕ್’ ಅಂತ ಬಿದ್ದವು. ಆ ಸದ್ದು ಕೇಳಿದಾಗ ಆದ ಖುಷಿ ಹೇಳತೀರದು. ಗೇರ್ ಬಾಕ್ಸು ಕೂತಾಗಲೂ ನನಗೆ ಹಾಗೇ ಆಗುತ್ತದೆ. ಈಗ ಡಬ್ಬ ಒಂದು ಕೆಲಸದಿಂದ ಇನ್ನೊಂದಕ್ಕೆ ಹೋಗುವಾಗ ಯೋಚನೆ ಮಾಡುತ್ತ ನಿಲ್ಲುವುದಿಲ್ಲ. ಏಳುವುದು ಮಾತ್ರ ಇನ್ನೂ ನಿಧಾನವೇ.

ಒಳಗಿನ ದೂಳನ್ನು ಬ್ರಷ್ಷಿನಲ್ಲಿ ತೆಗೆದೆ. ಒಂದು ಒಣಗಿದ ಹಲ್ಲಿ ಮರಿ, ನಿನ್ನ ಒಂದು ಕೂದಲ ಪಿನ್ನು ಸಿಕ್ಕಿತು. ಹಲ್ಲಿಯನ್ನು ಎಸೆದೆ.

ಆಚೆ ಬೀದಿಯ ಮರಿಸಿದ್ದಯ್ಯ ಮನೆ ಕಟ್ಟಬೇಕಂತೆ. “ನಿನ್ ಮಗ್ಳು ಯಾವಾಗ್ ಬತ್ತಾಳ್ಲಾ? ಮಂಡ್ಯದವ್ರತ್ರ ನಾನ್ಯಾಕೋಗ್ಲಿ?” ಅಂತ ಕೇಳಿದ. ಗೊತ್ತಿಲ್ಲ ಅಂದೆ. ಮುಂದಿನ ಸಾಮಾನು ಯಾವುದು ಹೇಳು.

ನಿಮ್ಮಪ್ಪ,
ಕೆಂಪರಾಜು


ಮಂಡ್ಯ
೫-೧-೨೦೨೫

ಅಪ್ಪ,

ಅಂಕಯ್ಯಣ್ಣನ ಕೈಲಿ ಒಂದು ಪೊಟ್ಟಣ ಕಳಿಸಿದ್ದೇನೆ. ಒಳಗೆ ಇರುವುದು ಎಸ್‌ಎಸ್‌ಡಿ. ಬೆಂಕಿಪೊಟ್ಟಣಕ್ಕಿಂತ ತೆಳ್ಳಗಿದೆ ಅಂತ ಅನುಮಾನ ಪಡಬೇಡ. ಹಳೇ ಹಾರ್ಡ್ ಡಿಸ್ಕ್ ಮಾಡುತ್ತಿದ್ದ ಕೆಲಸವನ್ನೇ ಇದು ಮಾಡುತ್ತದೆ, ಆದರೆ ತುಂಬ ಬೇಗ. ಆಫೀಸಿನಲ್ಲಿ ಒಂದು ಯಂತ್ರ ಕಳಚಿದಾಗ ಉಳಿಯಿತು, ಕೇಳಿ ತಗೊಂಡೆ. ನಕ್ಷೆ ಬರೆಯುವ ಸಾಫ್ಟ್‌ವೇರ್ ಪುಕ್ಕಟೆ ಸಿಗುವುದೇ ಒಂದನ್ನು ಅದರಲ್ಲಿ ಹಾಕಿದ್ದೇನೆ. ಪರೀಕ್ಷೆಗೆ ಒಂದು ಎರಡು ಅಂತಸ್ತಿನ ಮನೆಯ ನಕ್ಷೆಯನ್ನೂ ಹಾಕಿದ್ದೇನೆ. ಅದು ತಡವರಿಸದೆ ತೆರೆದುಕೊಂಡರೆ ಯಂತ್ರ ಕೆಲಸಕ್ಕೆ ಬಂತು ಅಂತ ಅರ್ಥ.

ಹಳೇ ಡಿಸ್ಕಿಗೆ ಎರಡು ವೈರು ಹೋಗಿರುತ್ತವೆ, ಅವೇ ಎರಡನ್ನು ಕಿತ್ತು ಇದಕ್ಕೆ ಚುಚ್ಚು. ಇಷ್ಟೇ ಕೆಲಸ. ಬಿಸಿಯಾಗಿ ತಾನಾಗೇ ಆರಿಹೋಗುತ್ತಿದ್ದರೆ, ಫ್ಯಾನಿನ ಕೆಳಗೆ ಪ್ರೊಸೆಸರ್ ಮೇಲೆ ಹಚ್ಚಿರುವ ಬಿಳಿ ಪೇಸ್ಟ್ ಒಣಗಿದೆ ಅಂತ ತಿಳಿ. ಅದನ್ನು ಆಮೇಲೆ ನೋಡೋಣ.

ಕೂದಲ ಪಿನ್ನು ಎಸೆಯಬೇಡ.

ಶೋಭಿತಾ


ಮಂಡ್ಯ
೩೦-೧-೨೦೨೫

ಅಪ್ಪ,

ಸಂಕ್ರಾಂತಿ ಕಳೆಯಿತು, ನಿನ್ನಿಂದ ಕಾಗದ ಇಲ್ಲ. ಎಸ್‌ಎಸ್‌ಡಿ ಹಾಕಿದೆಯಾ? ಅವ್ವನನ್ನು ಕೇಳಿದರೆ ‘ನಿಮ್ಮಪ್ಪನ್ನೇ ಕೇಳು’ ಅನ್ನುತ್ತಾಳೆ. ಅವಳು ಹಾಗೆ ಜಾರಿಕೊಳ್ಳುವವಳಲ್ಲ.

ನನಗೆ ಬೇಗ ಗೊತ್ತಾಗಬೇಕು. ಕಾರಣ ಇದು. ಇಂಜಿನಿಯರ್ ಸಾಹೇಬರು ಹುಬ್ಬಳ್ಳಿಯಲ್ಲಿ ಇನ್ನೊಂದು ಆಫೀಸು ತೆರೆಯುತ್ತಿದ್ದಾರೆ. ನನ್ನನ್ನು ಅಲ್ಲಿಗೆ ಹೋಗು ಅನ್ನುತ್ತಿದ್ದಾರೆ. ಸಂಬಳ ಸ್ವಲ್ಪ ಜಾಸ್ತಿ. ಹೋದರೆ ಮೂರು ವರ್ಷ ಬಿಡುವ ಹಾಗಿಲ್ಲ ಅಂತ ಬರೆದುಕೊಡಬೇಕು. ಮಂಡ್ಯದಲ್ಲಿ ಇನ್ನು ನನಗೆ ಜಾಗ ಇಲ್ಲ. ಶಿವರಾತ್ರಿಯೊಳಗೆ ಹೂಂ ಅನ್ನಬೇಕು, ಇಲ್ಲ ಊಹೂಂ ಅನ್ನಬೇಕು.

ನನಗೆ ಹುಬ್ಬಳ್ಳಿಯ ಮೇಲೆ ಸಿಟ್ಟಿಲ್ಲ. ಆದರೆ ಅಲ್ಲೂ ನಾನು ಬರೆಯುವುದು, ಅವರು ಸಹಿ ಹಾಕುವುದು. ಸಣ್ಣ ಮನೆಗಳ ನಕ್ಷೆಗೆ ನಾನೇ ಸಹಿ ಹಾಕುವ ಪರವಾನಗಿಗೆ ಅರ್ಜಿ ಹಾಕಿ ಆರು ತಿಂಗಳಾಯಿತು, ಈಗ ಬಂದಿದೆ. ಯಾರಿಗೂ ಹೇಳಿರಲಿಲ್ಲ. ಪರವಾನಗಿ ಇದೆ, ಯಂತ್ರ ಇಲ್ಲ. ಆ ಎರಡು ಅಂತಸ್ತಿನ ಮನೆ ನಮ್ಮ ಡಬ್ಬದಲ್ಲಿ ತೆರೆದುಕೊಳ್ಳುತ್ತದೋ ಇಲ್ಲವೋ, ಅಷ್ಟು ತಿಳಿದರೆ ನನಗೆ ಒಂದು ಉತ್ತರ ಹೇಳಲು ಆಗುತ್ತದೆ.

ಒತ್ತಾಯ ಮಾಡುತ್ತಿಲ್ಲ. ಆದರೆ ಬರೆ.

ಶೋಭಿತಾ


ಹಲಗೂರು
೧೨-೨-೨೦೨೫

ಕೂಸೇ ಶೋಭಿ,

ನಿಮ್ಮವ್ವ ಬರೆಯುತ್ತಿದ್ದೇನೆ. ಏಳನೇ ಕ್ಲಾಸಿನ ಅಕ್ಷರ, ಸುಧಾರಿಸಿಕೊಂಡು ಓದು. ಫೋನಿನಲ್ಲಿ ಹೇಳೋಣವೆಂದರೆ ನಿಮ್ಮಪ್ಪ ಮನೆ ಬಿಟ್ಟು ಕದಲುತ್ತಿಲ್ಲ. ಅವರ ಎದುರಿಗೆ ಹೇಳುವ ಮಾತಲ್ಲ.

ನೀನು ಕಳಿಸಿದ ಪೊಟ್ಟಣ ಬಂದ ದಿನವೇ ಅದನ್ನು ನನ್ನ ಬೀರುವಿನಲ್ಲಿ, ಸೀರೆಗಳ ಕೆಳಗೆ ಇಟ್ಟರು. ನಾನು ದಿನಾ ಕೇಳುತ್ತಿದ್ದೆ, “ಯಾವಾಗಾಕೀರಿ?” “ಆಕ್ಮಾ ಬುಡು, ಏನವಸ್ರ” ಅನ್ನುತ್ತಿದ್ದರು. ಕೊನೆಗೊಂದು ದಿನ ನಾನು ಬಿಡಲಿಲ್ಲ. ಆಗ ಏನಂದರು ಗೊತ್ತಾ? “ಇದ್ನಾಕುದ್ರೆ ಡಬ್ಬ ಸರಿಯೋಯ್ತದೆ ಕಣಮ್ಮಿ. ಆಮೇಕೆ ಅವ್ಳು ಯಾತುಕ್ ಕಾಗ್ದ ಬರ್ದಾಳು?” ಅಂದರು. ನಿನ್ನ ಕಾಗದಗಳನ್ನೆಲ್ಲ ಶೆಡ್ಡಿಗೆ ಹಾಕಿಕೊಂಡು ಹೋಗುವ ಖಾಕಿ ಅಂಗಿಯ ಜೇಬಿನಲ್ಲೇ ಇಟ್ಟುಕೊಂಡು ತಿರುಗುತ್ತಾರೆ. ಒಗೆಯುವುದಕ್ಕೆ ಅಂಗಿ ಕೊಡಿ ಅಂದರೂ ಕೊಡುವುದಿಲ್ಲ.

ಹುಬ್ಬಳ್ಳಿಯ ಕಾಗದ ಬಂತು ನೋಡು. ಓದಿದವರೇ ಶೆಡ್ಡಿಗೆ ರಜ ಹಾಕಿ ಬೆಳಿಗ್ಗೆಯಿಂದ ಡಬ್ಬದ ಮುಂದೆ ಕೂತರು. ಎಲ್ಲಾ ಒಂದೇ ಸಲಕ್ಕೆ ಮಾಡಿಬಿಡುತ್ತೇನೆ ಅಂತ. ಪೊಟ್ಟಣದ್ದನ್ನು ಹಾಕಿದರು. ಅಲ್ಲಿಗೆ ನಿಲ್ಲಿಸಿದ್ದರೆ ಆಗಿತ್ತು. ಫ್ಯಾನು ಬಿಚ್ಚಿದರು, ನೀನು ಹೇಳಿದ ಬಿಳಿ ಪೇಸ್ಟು ಒಣಗಿ ಹಿಟ್ಟಾಗಿತ್ತಂತೆ. ಅದನ್ನು ಕೆರೆದು, ಶೆಡ್ಡಿನಿಂದ ಬಸ್ಸಿನ ಚಕ್ರಕ್ಕೆ ಹಾಕುವ ಗ್ರೀಸು ತಂದು ಹಚ್ಚಿದರು. ನಾನು, “ಅದು ಬಸ್ಸಿಂದಲ್ವ?” ಅಂದೆ. “ಬಿಸಿಯಾಗೋ ಜಾಗುಕ್ಕೆ ಗ್ರೀಸೇ ಕಣೆ, ಎಲ್ಲಾದ್ರೂ ಒಂದೇ” ಅಂದರು. ಆಮೇಲೆ, ಬಸ್ಸಿನ ಬ್ಯಾಟರಿ ತುದಿಗೆ ತುಕ್ಕು ಹಿಡಿಯಬಾರದೆಂದು ಗ್ರೀಸು ಸವರುತ್ತಾರಲ್ಲ, ಹಾಗೆ ಆ ಹಸಿರು ಪಟ್ಟಿಯ ಹಲ್ಲುಗಳಿಗೂ ಸವರಿದರು. ಚೆನ್ನಾಗಿರಲಿ ಅಂತ.

ಸ್ವಿಚ್ಚು ಒತ್ತಿದರೆ ಕೀ ಕೀ ಅಂತ ಕೂಗಿತು. ಪರದೆ ಕಪ್ಪಗೇ ಇತ್ತು. ಮತ್ತೆ ಒತ್ತಿದರು, ಮತ್ತೆ ಕೂಗಿತು. ಅಷ್ಟೇ.

ಅವತ್ತಿನಿಂದ ಊಟ ಸೇರುತ್ತಿಲ್ಲ. ಮುದ್ದೆ ಮುರಿಯುತ್ತಾರೆ, ಅರ್ಧಕ್ಕೆ ಏಳುತ್ತಾರೆ. “ನಾನೇ ಅವ್ಳ್ನ ಉಬ್ಳಿಗ್ ಕಳಿಸ್ಬುಟ್ಟೆ” ಅಂತ ಒಂದೇ ಮಾತು. ಬೆಸಗರಹಳ್ಳಿಯ ವಿಷಯದಲ್ಲಿ ಅವರ ಮೇಲೆ ನನಗೂ ಸಿಟ್ಟಿತ್ತು. ಈಗಿಲ್ಲ. ನೀನು ಬೈಯಬೇಡ. ಹೋಗುವುದಾದರೂ ಒಂದು ಸಲ ಬಂದು ಹೋಗು.

ನಿಮ್ಮವ್ವ,
ಅಂಕಮ್ಮ


ಮಂಡ್ಯ
೧೪-೨-೨೦೨೫

ಅಪ್ಪ,

ಮೊದಲು ಊಟ ಮಾಡು. ಆಮೇಲೆ ಓದು.

ಡಬ್ಬ ಸತ್ತಿಲ್ಲ. ಕೀ ಕೀ ಅಂತ ಕೂಗಿತಂತಲ್ಲ, ಸತ್ತದ್ದು ಕೂಗುವುದಿಲ್ಲ. ನನಗೆ ರ‍್ಯಾಮ್ ಸಿಗುತ್ತಿಲ್ಲ ಅಂತ ಹೇಳುವ ಭಾಷೆ ಅದು. ಹಲ್ಲುಗಳಿಗೂ ತೂತಿಗೂ ನಡುವೆ ನಿನ್ನ ಗ್ರೀಸು ಕೂತಿದೆ, ಅಷ್ಟೇ. ಗ್ರೀಸಿನಲ್ಲಿ ಕರೆಂಟು ಹರಿಯುವುದಿಲ್ಲ, ಆದ್ದರಿಂದ ಏನೂ ಸುಟ್ಟಿರಲಾರದು. ಅದೇ ನಮ್ಮ ಪುಣ್ಯ.

ಈ ಪೊಟ್ಟಣದಲ್ಲಿ ಒಂದು ಸಣ್ಣ ಟ್ಯೂಬು ಇದೆ. ಇದು ಆ ಬಿಳಿ ಪೇಸ್ಟ್. ಒಂದು ಅವರೆಕಾಳಿನಷ್ಟು ಸಾಕು. ಔಷಧದ ಅಂಗಡಿಯಲ್ಲಿ ಸ್ಪಿರಿಟ್ ತಗೋ. ಹಳೇ ಹಲ್ಲುಜ್ಜುವ ಬ್ರಷ್ಷನ್ನು ಅದರಲ್ಲಿ ಅದ್ದಿ, ಗ್ರೀಸು ಬಿದ್ದ ಜಾಗವನ್ನೆಲ್ಲ ನಿಧಾನವಾಗಿ ತೊಳೆ. ಹಸಿರು ಪಟ್ಟಿಯ ಹಲ್ಲುಗಳನ್ನು ಪೆನ್ಸಿಲ್ ರಬ್ಬರಿನಿಂದ ಉಜ್ಜು. ಅದು ಕೂರುವ ತೂತಿಗೂ ಬ್ರಷ್ಷು ಹಾಕು. ಒಂದು ಇಡೀ ದಿನ ಒಣಗಲು ಬಿಡು. ಅವಸರ ಬೇಡ. ಶಿವರಾತ್ರಿ ಎಲ್ಲಿಗೂ ಓಡಿಹೋಗುವುದಿಲ್ಲ.

ಅವ್ವ ಕಾಗದ ಬರೆದದ್ದು ನಿನಗೆ ಗೊತ್ತಾಗಿರುತ್ತದೆ. ಅವಳ ಮೇಲೆ ರೇಗಬೇಡ. ಆ ಕಾಗದ ಓದಿ ನಾನು ಮೊದಲು ನಕ್ಕೆ, ಗ್ರೀಸಿನ ಜಾಗಕ್ಕೆ ಬಂದಾಗ. ಆಮೇಲೆ ಬೀರುವಿನ ಜಾಗವನ್ನು ಮತ್ತೆ ಓದಿದೆ, ಆಗ ಅತ್ತೆ. ಶ್ವೇತ ಈಗ ನನ್ನನ್ನು ಏನೂ ಕೇಳುವುದಿಲ್ಲ, ಅಭ್ಯಾಸವಾಗಿದೆ.

ಒಂದು ಮಾತು. ಬೆಸಗರಹಳ್ಳಿಯಲ್ಲಿ ನೀನು ಅಂದದ್ದು ನಿಜ. ನಾನು ಕೂಲಿಗೇ ಹೋಗುತ್ತಿದ್ದೆ. ನಿಜವನ್ನು ನೀನು ನಾಲ್ಕು ಜನರ ಮುಂದೆ ಹೇಳಿದೆಯಲ್ಲ ಅಂತ ನೋವಾಯಿತು. ಮನೆಯೊಳಗೆ ಹೇಳಿದ್ದರೆ ಜಗಳ ಆಡಿ ಊಟ ಮಾಡಿ ಮಲಗುತ್ತಿದ್ದೆವು. ಈಗ ಆ ನೋವಿಲ್ಲ. ಇಲ್ಲ ಅಂತ ನಿನಗೆ ಗೊತ್ತಾಗಲಿ ಅಂತ ಬರೆದೆ.

ನಿನ್ನ
ಶೋಭಿತಾ


ಹಲಗೂರು
೨೩-೨-೨೦೨೫

ಮಗಳೇ,

ಎದ್ದಿತು.

ಆ ಒಂದು ಮಾತು ಬರೆದು, ಎದ್ದು ಹೋಗಿ ಮೇಕೆಗಳಿಗೆ ಸೊಪ್ಪು ಹಾಕಿ ಬಂದೆ. ಈಗ ಉಳಿದದ್ದು ಬರೆಯುತ್ತೇನೆ. ನೀನು ಹೇಳಿದ ಹಾಗೇ ಮಾಡಿದೆ, ನನ್ನ ಬುದ್ಧಿ ಎಲ್ಲೂ ಸೇರಿಸಲಿಲ್ಲ. ಸ್ಪಿರಿಟ್ಟಿನ ವಾಸನೆಗೆ ನಿಮ್ಮವ್ವ ಮೂಗು ಮುಚ್ಚಿಕೊಂಡು, “ಮನೇನೇ ಆಸ್ಪತ್ರೆ ಮಾಡ್ಬುಟ್ರಿ” ಅಂದಳು. ರಬ್ಬರಿನಿಂದ ಉಜ್ಜಿದ ಮೇಲೆ ಆ ಹಲ್ಲುಗಳು ಹೊಸ ಓಲೆಯ ಹಾಗೆ ಹೊಳೆದವು. ಪೇಸ್ಟು ಅವರೆಕಾಳಿನಷ್ಟೇ ಹಾಕಿದೆ. ಕೈ ಇನ್ನಷ್ಟು ಹಾಕು ಅನ್ನುತ್ತಿತ್ತು, ಹಾಕಲಿಲ್ಲ. ಒಣಗುವವರೆಗೂ ಮೇಕೆಯೂ ಅತ್ತ ಹೋಗದ ಹಾಗೆ ಬಾಗಿಲಲ್ಲಿ ಕೂತಿದ್ದೆ.

ಇವತ್ತು ಬೆಳಿಗ್ಗೆ ಸ್ವಿಚ್ಚು ಒತ್ತುವ ಮೊದಲು ದೇವರಿಗೆ ಕೈ ಮುಗಿದೆ. ನೀನು ಹುಟ್ಟಿದಾಗ ಮಳವಳ್ಳಿ ಆಸ್ಪತ್ರೆಯ ಹೊರಗೆ ನಿಂತಿದ್ದೆನಲ್ಲ, ಆಮೇಲೆ ಇವತ್ತೇ ಹಾಗೆ ಕೈ ಮುಗಿದದ್ದು. ಒತ್ತಿದೆ. ಕೂಗಲಿಲ್ಲ. ಪರದೆ ಬೆಳಗಿತು. ನಿಮ್ಮವ್ವ ಕಾಫಿ ಲೋಟ ತಂದು ಕೈಗಿಡುವಷ್ಟರಲ್ಲಿ ಡಬ್ಬ ಪೂರ್ತಿ ಎದ್ದು ಕೂತಿತ್ತು. ಇದೇ ಡಬ್ಬವೇ ಅಂತ ನನಗೆ ನಂಬಿಕೆ ಬರಲಿಲ್ಲ. ಕುರ್ಚಿಯಲ್ಲಿ ಹಿಂದಕ್ಕೆ ಒರಗಿದೆ. ತಿಂಗಳಿಂದ ಎದೆ ಮೇಲೆ ಕೂತಿದ್ದ ಬಂಡೆ ಇಳಿದಂತಾಯಿತು.

ಆ ಎರಡು ಅಂತಸ್ತಿನ ಮನೆಯನ್ನೂ ತೆರೆದೆ. ತಡವರಿಸಲಿಲ್ಲ, ಒಂದೇ ಸಲಕ್ಕೆ ಬಂತು. ಗೆರೆಗಳು ಎಷ್ಟು ನೆಟ್ಟಗಿವೆ. ನಿಮ್ಮವ್ವ ಬಗ್ಗಿ ಪರದೆಯ ಮೇಲೆ ಬೆರಳಿಟ್ಟು, “ಇದ್ಯಾರ್ ಮನೆ? ಬಚ್ಚಲೆಲ್ಲದೆ? ಪಾತ್ರೆ ತೊಳೆಯೋಕೆ ಇತ್ಲಲ್ಲಿ ಒಸಿ ಜಾಗ ಬುಡಕ್ಕೇಳು ಅವುಳ್ಗೆ” ಅಂದಳು. ಅವಳಿಗೆ ನಕ್ಷೆ ಓದಲು ಬರುತ್ತದೆ ಅಂತ ನನಗೆ ಇಷ್ಟು ವರ್ಷ ಗೊತ್ತಿರಲಿಲ್ಲ.

ಇನ್ನು ಡಬ್ಬದ್ದಲ್ಲದ ವಿಷಯ. ಬೀರುವಿನ ಸುದ್ದಿ ನಿನಗೆ ಗೊತ್ತಾಗಿಹೋಗಿದೆ, ಇನ್ನು ಮುಚ್ಚಿಡುವುದೇನು? ನಿನ್ನ ಅಕ್ಷರ ಬರುವುದು ನಿಂತುಹೋಗುತ್ತದೆ ಅಂತ ಹೆದರಿದೆ. ಆ ಹೆದರಿಕೆಯಲ್ಲಿ ನಿನ್ನ ದಿನಗಳನ್ನು ಹಾಳುಮಾಡಿದೆ. ನಂಟರ ಮುಂದೆ ನಾನು ನಕ್ಕಿದ್ದು ಹೆಮ್ಮೆಗೆ. ಆ ಮನೆ ನನ್ನ ಮಗಳದು ಅಂತ ಹೇಳಿಕೊಳ್ಳುವ ಆಸೆ, ಹೇಳುವ ರೀತಿ ಗೊತ್ತಾಗಲಿಲ್ಲ.

ನೀನು ಹುಬ್ಬಳ್ಳಿಗೆ ಹೋಗುವುದಾದರೆ ಸಂತೋಷವಾಗಿ ಹೋಗು. ಈ ಡಬ್ಬವನ್ನೂ ತಗೊಂಡು ಹೋಗು. ಥರ್ಮೋಕೋಲ್ ಹಾಕಿ ಕಟ್ಟಿ ಅಂಕಯ್ಯನ ಬಸ್ಸಿನಲ್ಲಿ ಮಂಡ್ಯದವರೆಗೆ ಕಳಿಸುತ್ತೇನೆ. ಅಲ್ಲಿ ರೂಮಿನಲ್ಲಿ ಇಟ್ಟುಕೊಂಡು, ಬಿಡುವಾದಾಗ ನಿನ್ನ ಹೆಸರಿನ ಕೆಲಸ ಮಾಡು. ಮಾಡಿದ್ದೇ ನಿನಗೋಸ್ಕರ. ಅದು ನಮ್ಮ ನಡುಮನೆಯಲ್ಲೇ ಇರಬೇಕು ಅಂತ ಏನೂ ಇಲ್ಲ.

ನಿಮ್ಮಪ್ಪ,
ಕೆಂಪರಾಜು


ಮಂಡ್ಯ
೨೫-೨-೨೦೨೫

ಅಪ್ಪ,

ಡಬ್ಬವನ್ನು ಕಟ್ಟಿದ್ದರೆ ಬಿಚ್ಚು. ಅದು ಎಲ್ಲಿಗೂ ಹೋಗುವುದಿಲ್ಲ.

ನಾಳೆ ಹಬ್ಬದ ದಿನ ಬೆಳಿಗ್ಗೆ ಅಂಕಯ್ಯಣ್ಣನ ಬಸ್ಸಿಗೇ ಹತ್ತುತ್ತೇನೆ. ಹಾಸಿಗೆ, ಎರಡು ಬ್ಯಾಗು, ಒಂದು ಡ್ರಾಯಿಂಗ್ ಬೋರ್ಡ್ ಇದೆ. ನೀನು ಬಸ್ ಸ್ಟ್ಯಾಂಡಿಗೆ ಬಾ, ಒಬ್ಬಳೇ ಹೊರಲಾಗುವುದಿಲ್ಲ. ಮರಿಸಿದ್ದಯ್ಯ ಮಾವನಿಗೆ ಸೈಟಿನ ಪತ್ರ ತೆಗೆದಿಡಲು ಹೇಳು. ಹಿತ್ತಲಿನಲ್ಲಿ ಪಾತ್ರೆ ತೊಳೆಯುವ ಜಾಗದ ವಿಷಯ ಅವ್ವ ಹೇಳಿದ್ದು ಸರಿ, ಇನ್ನು ಮೇಲೆ ಎಲ್ಲ ಮನೆಗೂ ಬಿಡುತ್ತೇನೆ. ಫ್ಯಾನು ಇನ್ನೊಂದು ಬೇಕಾಗುತ್ತದೆ, ಬೇಸಿಗೆಯೊಳಗೆ ತರೋಣ, ಇಬ್ಬರೂ ಹೋಗಿ.

ನಿನ್ನ ಕಾಗದ ಓದಿದಾಗಿನಿಂದ ಮೈ ಹಗುರವಾಗಿದೆ. ಹಾಸಿಗೆ ಸುತ್ತುತ್ತ ಹಾಡು ಹೇಳಿಕೊಳ್ಳುತ್ತಿದ್ದೇನೆ ಅಂತ ಶ್ವೇತ ನಗುತ್ತಿದ್ದಾಳೆ.

ಆದರೆ ನೀನು ಒಂದು ತಪ್ಪು ತಿಳಿದಿದ್ದೀಯೆ. ನಿನ್ನಿಂದ ದಿನ ಹಾಳಾಯಿತು, ಡಬ್ಬ ಎದ್ದಿದ್ದಕ್ಕೆ ನಾನು ಉಳಿದೆ ಅಂತ ಅಂದುಕೊಳ್ಳಬೇಡ. ಸಾಹೇಬರಿಗೆ ನಾನು ಉತ್ತರ ಹೇಳಿದ್ದು ಇವತ್ತಲ್ಲ. ಅವ್ವನ ಕಾಗದ ಬಂದ ದಿನವೇ, ನಿನಗೆ ಪೇಸ್ಟಿನ ಪೊಟ್ಟಣ ಕಟ್ಟುವುದಕ್ಕೂ ಮೊದಲು, ಅವರ ರೂಮಿಗೆ ಹೋಗಿ ಹೇಳಿದೆ. ಹುಬ್ಬಳ್ಳಿ ಬೇಡ ಸರ್, ಊರಿಗೆ ಹೋಗಿ ನನ್ನದೇ ಕೆಲಸ ಮಾಡುತ್ತೇನೆ ಅಂದೆ. ಅವರು ಕನ್ನಡಕ ತೆಗೆದು ನನ್ನನ್ನೇ ನೋಡಿದರು.

“ನಕ್ಷೆ ಯಾತ್ರಲ್ಲಮ್ಮ ಬರೀತೀಯ? ಮನೇಲಿ ಕಂಪ್ಯೂಟರ್ ಇದ್ಯಾ?”

“ಇದೆ ಸರ್,” ಅಂದೆ. “ನಮ್ಮಪ್ಪ ರಿಪೇರಿ ಮಾಡ್ತಾವ್ರೆ.”

ನಿನ್ನ ಮಗಳು,
ಶೋಭಿತಾ